ಒಳಗೆ ಬಿಟ್ಟ ಬಟ್ಟೆ

ಬ್ಲೌಸ್ ಹೊಲಿಯುವವರು ಎರಡೂ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಅದು ಹೊರಗೆ ಕಾಣುವುದಿಲ್ಲ. ತೊಟ್ಟವರಿಗೂ ಅದರ ನೆನಪಿರುವುದಿಲ್ಲ. ಮೈ ಸ್ವಲ್ಪ ಬಂದಾಗ ಒಂದು ಸಾಲು ಹೊಲಿಗೆ ಬಿಚ್ಚಿದರೆ ಆ ಬಟ್ಟೆ ಹೊರಗೆ ಬರುತ್ತದೆ, ಬ್ಲೌಸ್ ಮತ್ತೆ ಸರಿಹೋಗುತ್ತದೆ. ಕತ್ರಿಗುಪ್ಪೆಯಲ್ಲಿ ಅಂಗಡಿ ಇಟ್ಟಾಗಿನಿಂದ ನಾನು ಈ ಬಟ್ಟೆ ಬಿಡದೆ ಒಂದು ಬ್ಲೌಸನ್ನೂ ಹೊಲಿದಿಲ್ಲ. ಬಿಟ್ಟದ್ದನ್ನು ಕತ್ತರಿಸಿ ತೆಗೆದದ್ದು ಒಬ್ಬರ ಬ್ಲೌಸುಗಳಲ್ಲಿ ಮಾತ್ರ. ಅವು ನನ್ನ ಹೆಂಡತಿಯವು. ಅವಳೇ ಹೇಳಿ ತೆಗೆಸಿದಳು.

ಅಂಗಡಿಗೆ ಬರುವವರು ಈಗಲೂ ಕೇಳುತ್ತಾರೆ, ಅಕ್ಕ ಹೇಗೆ ತೂಕ ಇಳಿಸಿದರು, ಏನು ತಿನ್ನುತ್ತಾರೆ ಎಂದು. ನಿಂತ ಕಾಲಲ್ಲಿ ಉತ್ತರ ಕೊಟ್ಟರೆ ಅರ್ಧ ಹೇಳಿದಂತಾಗುತ್ತದೆ. ಅರ್ಧ ಕೇಳಿಸಿಕೊಂಡೇ ನಾವು ಕೆಟ್ಟದ್ದು. ಅದಕ್ಕೆ ಪೂರ್ತಿ ಬರೆಯೋಣವೆಂದು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಕುಳಿತಿದ್ದೇನೆ. ನಾನು ಮಾಗಡಿ ಕಡೆಯವನು. ಶಾಲೆಗೆ ಸೇರಿದ್ದೇ ತಡವಾಗಿ, ಎಸ್ಸೆಸ್ಸೆಲ್ಸಿ ಮುಗಿಸಿದ್ದು ಮೀಸೆ ಬಂದ ಮೇಲೆ. ಒತ್ತಕ್ಷರ ಹುಡುಕುವುದಕ್ಕೆ ನನಗೆ ಹೊತ್ತು ಹಿಡಿಯುತ್ತದೆ.

ನಮ್ಮ ಮಗಳು ಸುದ್ದಗುಂಟೆಪಾಳ್ಯದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಹೋದ ವರ್ಷ ಯುಗಾದಿಗೆ ಬಂದವಳು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, "ಅಮ್ಮಾ, ನೀನು ಅಜ್ಜಿ ಆಗ್ತೀಯ" ಎಂದಳು. ನನ್ನ ಹೆಂಡತಿ ಒಬ್ಬಟ್ಟಿನ ಕೈಯಲ್ಲೇ ಅವಳ ಕೆನ್ನೆ ಹಿಡಿದುಕೊಂಡಳು. ಆಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, "ಮಗೂಗೆ ನೀರು ನಾನೇ ಹಾಕೋದು."

ನಮ್ಮಲ್ಲಿ ಎಳೆ ಮಗುವಿಗೆ ನೀರು ಹಾಕುವುದೆಂದರೆ ಅಜ್ಜಿಯ ಕೆಲಸ. ಬಚ್ಚಲಲ್ಲಿ ಗೇಣುದ್ದದ ಮಣೆಯ ಮೇಲೆ ಕುಳಿತು, ಎರಡು ಕಾಲನ್ನೂ ಮುಂದಕ್ಕೆ ಚಾಚಿ, ಮೊಣಕಾಲಿನ ಕೆಳಗೆ, ಕಾಲುಗಳ ಮೇಲೆಯೇ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹಾಕಬೇಕು. ನಮ್ಮ ಮಗಳು ಹುಟ್ಟಿದಾಗ ನನ್ನ ಅತ್ತೆ ಹಾಗೆ ಹಾಕಿದ್ದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ದಿನವೂ ನೋಡುತ್ತಿದ್ದಳು. ಅತ್ತೆ ಹೋಗಿ ಬಹಳ ಕಾಲವಾಯಿತು. ಆ ಕೈ ಹೇಗೆ ಓಡುತ್ತಿತ್ತು ಎನ್ನುವುದು ಈಗ ಇವಳಿಗೆ ಮಾತ್ರ ಗೊತ್ತು.

ಆದರೆ ಇವಳಿಗೆ ಮಂಡಿ ನೋವು. ಮನೆ ಅಂಗಡಿಯ ಮೇಲೆಯೇ, ಮೊದಲನೇ ಮಹಡಿಯಲ್ಲಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಒಂದೊಂದೇ ಕಾಲು ಇಡುತ್ತಿದ್ದಳು. ಮಗಳು ಹೋದ ಮರುದಿನ ಬಚ್ಚಲಿನಿಂದ ಕೂಗಿದಳು.

"ರೀ, ಬನ್ನಿ ಇಲ್ಲಿ. ನಗಬಾರ್ದು."

ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಕುಳಿತದ್ದೇನೋ ಆಗಿದೆ, ಏಳಲು ಆಗುತ್ತಿಲ್ಲ. ನಾನು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿದೆ. ಎತ್ತುವಾಗ ಇಬ್ಬರೂ ನಕ್ಕೆವು. ನಿಂತ ಮೇಲೆ ಅವಳು ನಗಲಿಲ್ಲ.

"ಕೈಯಲ್ಲಿ ಮಗು ಇದ್ದಿದ್ರೆ?" ಎಂದಳು.

ಅದೇ ವಾರ ಬೀಗಿತಿ ಫೋನು ಮಾಡಿ, "ನೀರು ಹಾಕೋಕೆ ನಮ್ ಕಡೆ ಒಬ್ಬಾಕೆ ಇದ್ದಾಳೆ, ಕಳಿಸ್ತೀವಿ ಬಿಡಿ. ನಿಮ್ಗೆ ಮಂಡಿ ಬೇರೆ ಸರಿ ಇಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇವಳು "ಆಯ್ತು, ನೋಡಣ" ಎಂದು ಫೋನಿಟ್ಟು, ಆವತ್ತೆಲ್ಲ ಪಾತ್ರೆಗಳನ್ನು ಕುಕ್ಕಿ ಇಟ್ಟಳು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ತೋರಿಸಿದೆವು. ಮಂಡಿ ಮಡಿಸಿ, ಚಾಚಿಸಿ, ಒತ್ತಿ ನೋಡಿದರು. ತೂಕ ಸ್ವಲ್ಪ ಇಳಿದರೆ ಮಂಡಿಗೆ ಭಾರ ಕಡಿಮೆಯಾಗುತ್ತದೆ ಎಂದರು. ತೊಡೆಗೆ ಶಕ್ತಿ ಬರಬೇಕು, ಕುರ್ಚಿಯಲ್ಲಿ ಕೂತು ಕೈ ಊರದೆ ಎದ್ದು ಅಭ್ಯಾಸ ಮಾಡಿ ಎಂದೂ ಹೇಳಿದರು. ದಾರಿಯಲ್ಲಿ ಇವಳು, "ಕೂತು ಏಳೋದನ್ನ ಕಲಿಯೋಕೆ ಫೀಸ್ ಕೊಡ್ಬೇಕಾ ರೀ?" ಎಂದು ನಕ್ಕಳು. ನಾನೂ ನಕ್ಕೆ. ತೂಕ ಇಳಿಸಬೇಕು ಎನ್ನುವ ಮಾತೊಂದೇ ನಮ್ಮ ಜೊತೆ ಮನೆಗೆ ಬಂತು.

ಇಳಿಸುವುದು ಹೇಗೆ ಎಂದು ಹೇಳುವವರಿಗೆ ನಮ್ಮ ಬೀದಿಯಲ್ಲಿ ಬರವಿಲ್ಲ. ಎರಡನೇ ಮಹಡಿಯಲ್ಲಿ ನಮ್ಮ ಓನರಮ್ಮ ಇದ್ದಾರೆ. ಹೊಸಕೆರೆಹಳ್ಳಿಯಲ್ಲಿ ಗದ್ದೆ ಇದ್ದ ಮನೆತನ, ಈಗ ಬಾಡಿಗೆ ಮನೆಗಳಿವೆ. ಸಂಜೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು ಅವರ ಪದ್ಧತಿ.

"ಅನ್ನ ಬಿಟ್ಬಿಡು ಕಣಮ್ಮಾ. ಅನ್ನನೇ ಶತ್ರು. ರಾತ್ರಿ ಮುದ್ದೆ ಮುಟ್ಲೇಬೇಡ. ನನ್ ತಂಗಿ ಮಗಳು ಎರಡೂ ಬಿಟ್ಟು ಕಡ್ಡಿ ಆಗವ್ಳೆ."

"ನಿಮ್ಮತ್ತೆ ಮೂರು ಹೊತ್ತೂ ಮುದ್ದೆ ಉಣ್ತಿದ್ರು, ಕಡ್ಡಿ ಇದ್ದಂಗೇ ಇದ್ರು ಅಂತ ನೀವೇ ಹೇಳಿದ್ರಲ್ಲಾ ಅಮ್ಮಾ?" ಎಂದೆ ನಾನು.

"ಅವ್ರು ಗದ್ದೇಲಿ ನಾಟಿ ಹಾಕಿ ಬಂದು ಉಣ್ತಿದ್ರು. ನಿನ್ ಹೆಂಡ್ತಿ ಎಲ್ಲಿ ನಾಟಿ ಹಾಕ್ತಾಳೆ, ಟೆರೇಸ್ ಮೇಲಾ? ನೀನು ಹೊಲಿ ಸುಮ್ನೆ."

ಇನ್ನೊಬ್ಬರು ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ ಎಂದರು. ಜೀರಿಗೆ ನೀರು ಕೊಬ್ಬನ್ನು ಕರಗಿಸುತ್ತದೆ ಎಂದು ಫೋನಿನ ವೀಡಿಯೋದಲ್ಲಿ ಒಬ್ಬಾಕೆ ಹೇಳಿದಳು. ಬೆವರು ಬಂದಷ್ಟೂ ಕೊಬ್ಬು ಹೋಗುತ್ತದೆ ಎಂದು ಫಾಲ್ ಹಾಕಿಸಲು ಬಂದ ಮೇಡಂ ಹೇಳಿದರು. ಓದಿದವರು ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತದೆ ಎಂದು ನಾನು ಚಿಕ್ಕಂದಿನಿಂದ ನಂಬಿಕೊಂಡು ಬಂದವನು. ಎಲ್ಲವನ್ನೂ ಮಾಡಿಸಿದೆ.

ಆ ಬೇಸಿಗೆಯಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಪಾರ್ಕು ಸುತ್ತಿದಳು. ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು, "ಆಂಟಿ, ಹುಷಾರಿಲ್ವಾ? ಜ್ವರನಾ?" ಎಂದು ಕೇಳಿದಳಂತೆ.

"ಕೊಬ್ಬು ಕರಗಿಸ್ತಿದೀನಿ ಕಣಮ್ಮಾ" ಎಂದಳಂತೆ ಇವಳು.

ಬೆಳಿಗ್ಗೆ ಜೇನಿನ ನೀರು. ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ. ರಾತ್ರಿ ಒಂದು ಚಪಾತಿ, ಅದೂ ಒಣಗಿದ್ದು. ನನಗೆ ಮಾತ್ರ ಮುದ್ದೆ ತಿರುವಿ, ಬಸ್ಸಾರು ಮಾಡಿ ಬಡಿಸುತ್ತಿದ್ದಳು. ಮುದ್ದೆ ತಟ್ಟೆಗೆ ಇಡುವಾಗ ಅಂಗೈಗೆ ಹತ್ತಿದ ಹಿಟ್ಟನ್ನು ಮೊದಲು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಅವಳಿಗೆ. ಈಗ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಡುತ್ತಿದ್ದಳು. ಅದನ್ನು ನೋಡಿ ತಟ್ಟೆ ಪಕ್ಕಕ್ಕೆ ಸರಿಸಿದೆ. "ನಂಗೂ ಚಪಾತಿನೇ ಮಾಡು" ಎಂದೆ.

"ನಿಮ್ಗೇನು ಬಂದಿರೋದು? ಸೊಂಟಕ್ಕೆ ಬೆಲ್ಟ್ ನಿಲ್ಲಲ್ಲ ನಿಮ್ಗೆ" ಎಂದು ಬೈದಳು. ಆದರೂ ಮಾಡಿಕೊಟ್ಟಳು.

ತೂಕ ಇಳಿಯಿತು. ಬೇಗನೇ ಇಳಿಯಿತು. ಮೊದಲು ತೋಳು ಸಡಿಲವಾಯಿತು, ಆಮೇಲೆ ಪಕ್ಕ. ವಾರಕ್ಕೊಮ್ಮೆ ಅವಳ ಬ್ಲೌಸನ್ನು ಒಳಕ್ಕೆ ಹಿಡಿದು ಬಿಗಿಯಾಗಿ ಹೊಲಿದುಕೊಡುವುದು ನನಗೆ ಹಬ್ಬದ ಕೆಲಸದಂತಿತ್ತು. "ಅಕ್ಕಾ, ಸಖತ್ ಇಳಿದ್ಬಿಟ್ರಿ!" ಎಂದು ಗಿರಾಕಿಗಳು ಹೇಳಿದಾಗ ನಾನು ಮೆಷಿನ್ನಿನ ಮೇಲೆ ತಲೆ ಬಗ್ಗಿಸಿಕೊಂಡೇ ಹಿಗ್ಗುತ್ತಿದ್ದೆ. ಮಧ್ಯಾಹ್ನದ ಹೊತ್ತು ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಬಾಚಣಿಗೆಯಲ್ಲಿ ಕೂದಲು ಬರುತ್ತಿತ್ತು. ಇಳಿಯುವಾಗ ಹೀಗೇ ಇರಬೇಕು ಅಂದುಕೊಂಡೆವು.

ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಅಂಥ ಒಂದು ಮಧ್ಯಾಹ್ನ ಅವಳು ತನ್ನ ಬ್ಲೌಸುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಕೆಳಗೆ ಬಂದಳು.

"ಎಲ್ಲಾನೂ ಈಗಿನ ಅಳತೆಗೆ ಹಿಡಿದುಕೊಡಿ. ಆಮೇಲೆ ಒಳಗಿರೋ ಬಟ್ಟೆ ಕತ್ತರಿಸಿ ಹಾಕಿ."

"ಕತ್ತರಿಸೋದ್ಯಾಕೆ? ಒಳಗಿದ್ರೆ ಅದೇನು ಕೂಗುತ್ತಾ?"

"ಕೂಗುತ್ತೆ. ನೀನು ಮತ್ತೆ ಇಲ್ಲಿಗೇ ಬರ್ತೀಯ ಅಂತ ದಿನಾ ಕೂಗುತ್ತೆ."

"ಮುಂದೆ ಬೇಕಾಗ್ಬೋದು ಕಣೇ."

"ಅಂದ್ರೆ ನಾನು ಮತ್ತೆ ಊದ್ಕೋತೀನಿ ಅಂತಾನಾ ನಿಮ್ ಮನಸ್ನಲ್ಲಿ?"

ಆ ಮಾತಿಗೆ ನಾನು ಕತ್ತರಿ ತೆಗೆದುಕೊಂಡೆ. ನನಗೂ ನಂಬಿಕೆ ಹಾಗೆಯೇ ಇತ್ತು. ಇಳಿಸುವುದೇ ಕಷ್ಟ, ಇಳಿಸಿದ ಮೇಲೆ ಕೆಲಸ ಮುಗಿಯಿತು. ಹೊಲಿಗೆ ಮೆಷಿನ್ನನ್ನು ಮಹಡಿಗೆ ಹೊತ್ತು ಇಟ್ಟರೆ ಅದು ಅಲ್ಲೇ ಇರುತ್ತದಲ್ಲ, ಹಾಗೆ ಇದೂ ಅಂದುಕೊಂಡಿದ್ದೆ. ಒಂದೊಂದೇ ಬ್ಲೌಸ್ ತಿರುವಿ ಹಾಕಿ, ಹೊಲಿಗೆಯ ಪಕ್ಕಕ್ಕೇ ಕತ್ತರಿಸಿ, ನೂಲು ಬಿಡದಂತೆ ಅಂಚಿಗೆ ಹೊಲಿಗೆ ಹಾಕಿಕೊಟ್ಟೆ. ಅವಳು ಎದುರಿಗೇ ಕುಳಿತು ನೋಡಿದಳು. ಕಾಪಿ ಕುಡಿದೆವು, ಸಕ್ಕರೆ ಹಾಕದ್ದು. ಬಿದ್ದ ಪಟ್ಟಿಗಳನ್ನು ಕಟ್ಟು ಮಾಡಿ ತುಂಡುಬಟ್ಟೆಯ ಚೀಲಕ್ಕೆ ಹಾಕಿದೆ. ಬಟ್ಟೆ ಎಸೆಯುವುದು ನಮ್ಮವರಿಗೆ ಬರುವುದಿಲ್ಲ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳು ಅನ್ನ ತಿಂದಳು. ಇಳಿದಾಯಿತಲ್ಲ, ಇನ್ನೇನು ಭಯ ಎಂದು ನಾನೇ ಬಡಿಸಿದೆ. ಆವತ್ತು ಅವಳಿಗೆ ಹಸಿವು ತಿರುಗಿ ಬಂದದ್ದು ನನಗೆ ಕಣ್ಣಾರೆ ಕಂಡಿತು. ಉಂಡು ಎದ್ದವಳು ಸ್ವಲ್ಪ ಹೊತ್ತಿಗೇ ಡಬ್ಬ ತೆಗೆದು ಚಕ್ಕುಲಿ ತಿನ್ನುತ್ತಾ ನಿಂತಿದ್ದಳು. ನನ್ನನ್ನು ನೋಡಿ ಮುಚ್ಚಳ ಹಾಕಿದಳು. "ಎಷ್ಟು ತಿಂದ್ರೂ ಹೊಟ್ಟೆ ತುಂಬಿದಂಗೇ ಆಗಲ್ಲ ರೀ. ನನ್ ಬಾಯಿಗೆ ಬೆಂಕಿ ಬೀಳ" ಎಂದಳು. ಮತ್ತೆ ನಾಲ್ಕು ದಿನ ಸೌತೆಕಾಯಿ. ಮತ್ತೆ ಡಬ್ಬ. ಹೀಗೇ ಗಣೇಶನ ಹಬ್ಬವೂ ಕಳೆಯಿತು.

ಅದು ಕಳೆದ ಮೇಲೆ ಬೀಗರ ಮನೆಯಲ್ಲಿ ಮಗಳ ಸೀಮಂತ. ಬೆಳಿಗ್ಗೆ ಆಟೋ ಬಂದು ನಿಂತಿತ್ತು. ಹಸಿರು ಬಳೆ, ಹೂವು, ಹಣ್ಣು ಎಲ್ಲ ತಟ್ಟೆಗಳಲ್ಲಿ ಸಿದ್ಧವಾಗಿತ್ತು. ಇವಳು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲು ತಟ್ಟಿದೆ.

"ಹೊತ್ತಾಯ್ತು ಕಣೇ."

"ನೀವೊಬ್ರೇ ಬನ್ನಿ ಒಳಗೆ."

ಮೆರೂನ್ ರೇಷ್ಮೆ ಸೀರೆ ಉಟ್ಟಿದ್ದಳು. ಬ್ಲೌಸಿನ ಹುಕ್ಕುಗಳು ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ಎರಡು ಅಂಚನ್ನೂ ಎರಡು ಕೈಯಲ್ಲಿ ಎಳೆದು ಹಿಡಿದುಕೊಂಡು ನಿಂತಿದ್ದಳು.

"ಒಂಚೂರು ಬಿಚ್ಚಿಕೊಡಿ" ಎಂದಳು. ಆಮೇಲೆ ಅವಳಿಗೇ ನೆನಪಾಯಿತು. ಬಿಚ್ಚಿದರೆ ಹೊರಗೆ ಬರುವುದಕ್ಕೆ ಒಳಗೆ ಏನೂ ಇರಲಿಲ್ಲ.

ನಾನು ಬ್ಲೌಸ್ ತೆಗೆಸಿಕೊಂಡು ಅಂಗಡಿಗೆ ಓಡಿದೆ. ಚೀಲ ಸುರಿದು ಮೆರೂನ್ ಪಟ್ಟಿಗಳನ್ನು ಹುಡುಕಿ, ಪಕ್ಕದ ಹೊಲಿಗೆ ಬಿಚ್ಚಿ, ಕಂಕುಳಿಂದ ಸೊಂಟದವರೆಗೆ ಅವನ್ನೇ ಜೋಡಿಸಿ ಹೊಲಿದೆ. ಹೊರಗೆ ಆಟೋದವನು ಹಾರನ್ ಒತ್ತುತ್ತಿದ್ದ. ಮೇಲೆ ಬಂದು ಹುಕ್ಕು ನಾನೇ ಹಾಕಿದೆ. ಸೆರಗು ಹೊದ್ದ ಮೇಲೆ ಏನೂ ಕಾಣುತ್ತಿರಲಿಲ್ಲ. ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ಆಟೋದಲ್ಲಿ ಬನಶಂಕರಿ ದಾಟಿದ ಮೇಲೆ ನನ್ನ ಕಡೆ ತಿರುಗದೆ, "ಬೀಗ್ರು ಹೇಳಿದ್ರಲ್ಲ, ನೀರು ಹಾಕೋ ಹೆಂಗಸು. ಆಕೆಗೇ ಹೇಳಿಬಿಡೋಣ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಸೀಮಂತದಲ್ಲಿ ಅವಳು ಎಲ್ಲರ ಜೊತೆ ನಕ್ಕಳು, ಹಾಡು ಹೇಳಿದಳು, ಮಗಳಿಗೆ ಬಳೆ ತೊಡಿಸಿದಳು. ಆ ಮಾತನ್ನು ಮಾತ್ರ ಬೀಗಿತಿಯ ಹತ್ತಿರ ಎತ್ತಲಿಲ್ಲ. ಅವಳು ಆಸೆ ಬಿಟ್ಟಿಲ್ಲ ಎಂದು ತಿಳಿಯಲು ನನಗೆ ಅಷ್ಟೇ ಸಾಕಿತ್ತು. ಮರುದಿನ ಅವಳು ಬೇಡವೆಂದರೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಬೈಸಿಕೊಳ್ಳಲು ಸಿದ್ಧಳಾಗಿ ಹೋದವಳು ಕೂರುವ ಮೊದಲೇ, "ನನ್ನದೇ ತಪ್ಪು ಮೇಡಂ, ಬಾಯಿ ಕಟ್ಟೋಕೆ ಆಗ್ಲಿಲ್ಲ" ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. ಏನೇನು ತಿಂದಿರಿ, ಏನೇನು ಬಿಟ್ಟಿರಿ ಎಂದು ಎಲ್ಲ ಕೇಳಿದರು. ಸ್ವೆಟರಿನ ಮಾತು ಬಂದಾಗ ನಗು ತಡೆದುಕೊಂಡರು.

"ಬೆವರು ಬರೀ ನೀರಮ್ಮಾ. ಮನೆಗೆ ಬಂದು ಒಂದು ಚೊಂಬು ನೀರು ಕುಡಿದ್ರೆ ವಾಪಸ್ ಬರುತ್ತೆ. ಜೇನುತುಪ್ಪ ಅಂದ್ರೆ ಸಕ್ಕರೆ ಥರಾನೇ. ಅದು ಬಿಡಿ. ತೂಕ ಇಳಿದಿದ್ದಾಗ ಮಂಡಿ ಹೇಗಿತ್ತು?"

"ನೋವು ಕಮ್ಮಿ ಇತ್ತು. ಆದ್ರೆ ಏಳೋಕೆ ತ್ರಾಣನೇ ಇರ್ಲಿಲ್ಲ."

"ಹೊಟ್ಟೆಗೆ ಹಾಕ್ದೇ ಇಳಿಸಿದ್ರೆ ಕೊಬ್ಬಿನ ಜೊತೆ ಮಾಂಸಾನೂ ಹೋಗುತ್ತೆ. ನಿಮ್ಮನ್ನ ಎಬ್ಬಿಸಿ ನಿಲ್ಲಿಸೋದು ಅದೇ ಅಲ್ವಾ? ಮತ್ತೆ ಹಸಿವು ಜಾಸ್ತಿ ಆಗಿದ್ದು ನಿಮ್ಮ ಬಾಯಿ ತಪ್ಪಲ್ಲ. ಇಳಿದ ಮೈ ಹೋಗಿದ್ದನ್ನ ವಾಪಸ್ ಕೇಳುತ್ತೆ. ಎಲ್ಲರದ್ದೂ ಕೇಳುತ್ತೆ. ನಂದೂ ಕೇಳುತ್ತೆ."

ಇವಳು ತಲೆ ಎತ್ತಿ ಅವರ ಮುಖ ನೋಡಿದಳು.

"ಮುದ್ದೆ ಬಿಟ್ಟು ಎಷ್ಟು ವರ್ಷ ಇರ್ತೀರ?" ಎಂದು ಕೇಳಿದರು ಡಾಕ್ಟರಮ್ಮ.

"ವರ್ಷನಾ? ಎರಡು ತಿಂಗಳಿಗೇ ಸಾಕಾಯ್ತು."

"ಹಾಗಾದ್ರೆ ಬಿಡಬೇಡಿ. ಚಿಕ್ಕ ಮುದ್ದೆ ಮಾಡಿ, ಸೊಪ್ಪು ಕಾಳು ಜಾಸ್ತಿ ಹಾಕಿ, ಮೊಟ್ಟೆ ತಿನ್ನೋರಾದ್ರೆ ಅದನ್ನೂ ತಿನ್ನಿ. ನೀವು ಮುದುಕಿ ಆದ್ಮೇಲೂ ತಿನ್ನೋಕಾಗೋ ಊಟ ಇರ್ಬೇಕು. ನಿಧಾನಕ್ಕೆ ಇಳೀಲಿ, ಸ್ವಲ್ಪಾನೇ ಇಳೀಲಿ. ಕುರ್ಚಿ ಅಭ್ಯಾಸ ಮಾಡಿದ್ರಾ?"

ಅದನ್ನು ನಾವು ಆವತ್ತು ದಾರಿಯಲ್ಲೇ ನಕ್ಕು ಬಿಟ್ಟಿದ್ದೆವು.

ಆವತ್ತಿನಿಂದ ಅಂಗಡಿಯಲ್ಲಿ ಗಿರಾಕಿಗಳಿಗೆ ಹಾಕಿದ್ದ ಕುರ್ಚಿ ಅವಳದಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೆಳಗೆ ಬಂದು ಕೂತು ಏಳುತ್ತಿದ್ದಳು. ಮೊದಮೊದಲು ಕೈ ಊರಿಕೊಂಡು, ಆಮೇಲೆ ಎದೆಯ ಮೇಲೆ ಕೈ ಕಟ್ಟಿಕೊಂಡು. ನಾನು ಹೊಲಿಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದೆ. ಓನರಮ್ಮ ಬಂದು, "ಏನಮ್ಮಾ ಇದು, ಸ್ಕೂಲಲ್ಲಿ ಶಿಕ್ಷೆ ಕೊಟ್ಟಂಗೈತೆ. ಎಷ್ಟು ಕೆಜಿ ಇಳಿದೆ?" ಎಂದರು.

"ನೋಡಿಲ್ಲ ಅಮ್ಮಾ."

"ನೋಡ್ದೇ ಹೆಂಗೆ ಗೊತ್ತಾಯ್ತದೆ?"

"ಮೆಟ್ಲು ಹೇಳುತ್ತೆ ಬಿಡಿ. ನೀವೂ ಒಂದ್ಸಲ ಕೈ ಊರ್ದೇ ಎದ್ದು ತೋರ್ಸಿ ನೋಡೋಣ."

ಓನರಮ್ಮ ಪ್ರಯತ್ನಿಸಿದರು. ಆಗಲಿಲ್ಲ. "ಇದ್ಯಾವ ಕುರ್ಚಿ, ಕುಣಿ ಇದ್ದಂಗೈತೆ" ಎಂದು ಕುರ್ಚಿಯನ್ನೇ ಬೈದರು. ಮರುದಿನ ಸಂಜೆಯಿಂದ ತಮ್ಮ ಕುರ್ಚಿಯಲ್ಲಿ ಅವರೂ ಶುರುಮಾಡಿದರು.

ಕುರ್ಚಿಯಿಂದ ಮಣೆಗೆ ಬಹಳ ದೂರ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಬಚ್ಚಲಿನ ಮಣೆಯನ್ನು ಅಂಗಡಿಗೆ ತಂದು, ಅದರ ಮೇಲೆ ಲೈನಿಂಗ್ ಬಟ್ಟೆಯ ಮಡಿಕೆಗಳನ್ನು ಕುರ್ಚಿಗಿಂತ ಸ್ವಲ್ಪ ತಗ್ಗಾಗುವವರೆಗೆ ಪೇರಿಸಿ ಬಿಗಿಯಾಗಿ ಕಟ್ಟಿದೆ. ಅವಳು ಅದರಿಂದ ಸಲೀಸಾಗಿ ಎದ್ದಾಗ ಒಂದು ಮಡಿಕೆ ತೆಗೆಯುತ್ತಿದ್ದೆ. ಮತ್ತೆ ಸಲೀಸಾದಾಗ ಇನ್ನೊಂದು. ಕೆಲವು ವಾರ ಒಂದೂ ತೆಗೆಯಲಿಲ್ಲ. ಮಂಡಿ ನೋವು ಹೆಚ್ಚಾದ ದಿನ ತೆಗೆದದ್ದನ್ನು ಮತ್ತೆ ಇಟ್ಟಿದ್ದೂ ಉಂಟು. ಇಡುವಾಗ ಅವಳ ಮುಖ ಬಾಡುತ್ತಿತ್ತು.

"ಬಟ್ಟೆ ಇಲ್ಲೇ ಇರುತ್ತೆ, ನಾಳೆ ತೆಗೆದ್ರಾಯ್ತು" ಎನ್ನುತ್ತಿದ್ದೆ.

ರಾತ್ರಿ ಊಟಕ್ಕೆ ಚಿಕ್ಕ ಮುದ್ದೆ ಬಂತು. ಅಂಗೈಗೆ ಹತ್ತಿದ ಹಿಟ್ಟು ಮತ್ತೆ ಬಾಯಿಗೆ ಹೋಯಿತು. ಚಕ್ಕುಲಿ ಡಬ್ಬ ಅಲ್ಲೇ ಇತ್ತು. ತಿನ್ನಬೇಕೆನಿಸಿದರೆ ಒಂದು ತೆಗೆದು, ನನಗೂ ಅರ್ಧ ಮುರಿದುಕೊಟ್ಟು, ಕೂತು ತಿನ್ನುತ್ತಿದ್ದಳು. ನಿಂತು ತಿನ್ನುವುದು ನಿಂತುಹೋಯಿತು. ಬೇಸಿಗೆಯಲ್ಲಿ ಇಳಿದಿದ್ದಷ್ಟು ತೂಕ ಈ ಸಲ ಇಳಿಯಲಿಲ್ಲ, ಅದರ ಅರ್ಧವೂ ಇಲ್ಲ. ಇಳಿದಷ್ಟು ಮಾತ್ರ ಅಲ್ಲೇ ನಿಂತಿತು. ಸುಮ್ಮನೆ ನಿಲ್ಲಲಿಲ್ಲ, ಅವಳು ದಿನವೂ ನಿಲ್ಲಿಸಿಕೊಳ್ಳಬೇಕಾಯಿತು. ಈಗಲೂ ಹಾಗೆಯೇ.

ಕಾರ್ತಿಕದಲ್ಲಿ ಮಗಳಿಗೆ ಹೆಣ್ಣು ಮಗು ಆಯಿತು. ಬಾಣಂತನಕ್ಕೆ ನಮ್ಮಲ್ಲಿಗೇ ಕರೆತಂದೆವು. ಆ ಹೊತ್ತಿಗೆ ಮಣೆಯ ಮೇಲೆ ಇನ್ನೂ ಒಂದು ಮಡಿಕೆ ಉಳಿದಿತ್ತು. ಬಟ್ಟೆ ಬಚ್ಚಲಿಗೆ ಆಗುವುದಿಲ್ಲವಲ್ಲ. ಅಷ್ಟೇ ಎತ್ತರದ ಒಂದು ಹಲಗೆಯನ್ನು ಮಣೆಯ ಮೇಲೆ ಹೊಡೆಸಿ ತಂದೆ.

"ಅಮ್ಮ ಹಾಕಿದ್ದು ಬರೀ ಮಣೆ ಮೇಲೆ" ಎಂದು ಗೊಣಗಿದಳು.

"ನಿಮ್ಮಮ್ಮನ ಮಂಡಿ ಬೇರೆ, ನಿನ್ ಮಂಡಿ ಬೇರೆ. ಕೂತ್ಕೋ."

ಮೊದಲ ದಿನ ಹಂಡೆಯ ನೀರು ಹದ ಮಾಡಿಟ್ಟು ನಾನು ಬಾಗಿಲಲ್ಲಿ ನಿಂತೆ, ಮಗಳು ಟವೆಲ್ ಹಿಡಿದು ಪಕ್ಕದಲ್ಲಿ. ಇವಳು ಕೂತು, ಸೀರೆ ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಕಾಲು ಚಾಚಿ, ಮಗುವನ್ನು ಮಲಗಿಸಿಕೊಂಡಳು. ಎಣ್ಣೆ ಹಚ್ಚಿ ಬೆನ್ನು ನೀವಿದಳು. ಅತ್ತೆಯ ಕೈ ಹೇಗೆ ಓಡುತ್ತಿತ್ತೋ ಹಾಗೆಯೇ. ಅದನ್ನು ಅಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ. ಮಗು ಮೊದಲು ಕಿರುಚಿ, ಬಿಸಿನೀರು ಬೀಳುತ್ತಿದ್ದಂತೆ ಸುಮ್ಮನಾಯಿತು.

ಅವಳು ನೀಲಿ ಬಣ್ಣದ ದಿನಬಳಕೆಯ ಬ್ಲೌಸ್ ತೊಟ್ಟಿದ್ದಳು. ಸೀಮಂತ ಕಳೆದ ಮೇಲೆ ಚೀಲದ ಪಟ್ಟಿಗಳನ್ನೆಲ್ಲ ಅವುಗಳ ಬ್ಲೌಸುಗಳಿಗೆ ತಿರುಗಿ ಜೋಡಿಸಿಕೊಟ್ಟಿದ್ದೆ. ಒಗೆದು ಒಗೆದು ಬ್ಲೌಸಿನ ನೀಲಿ ಬಿಳಚಿಕೊಂಡಿತ್ತು. ಒಳಗೆ ಇದ್ದ ಪಟ್ಟಿ ಬಿಸಿಲು ಕಂಡಿರಲಿಲ್ಲ, ಹೊಸ ಬಟ್ಟೆಯ ಹಾಗೆಯೇ ಗಾಢವಾಗಿತ್ತು. ನೀರು ಸುರಿಯಲು ಚೊಂಬು ಎತ್ತಿದಾಗಲೆಲ್ಲ ಕಂಕುಳ ಕೆಳಗೆ ಆ ಗಾಢ ನೀಲಿ ಕಾಣುತ್ತಿತ್ತು.

ಆಯಿತು. ಮಗುವನ್ನು ಎತ್ತಿ ಮಗಳ ಟವೆಲಿಗೆ ಕೊಟ್ಟಳು. ನಾನು ಮುಂದೆ ಹೋಗಿ ಕೈ ಚಾಚಿದೆ.

"ಸರೀರಿ ಆ ಕಡೆ."

ಕಾಲು ಮಡಿಸಿಕೊಂಡು, ಮುಂದಕ್ಕೆ ಬಾಗಿ, ಏಳಲು ನೋಡಿದಳು. ಆಗಲಿಲ್ಲ, ಕೂತುಬಿಟ್ಟಳು. ಮಗಳು "ಅಮ್ಮಾ" ಎಂದಳು. ನಾನು ಅವಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ. ಇವಳು ಒಂದು ಉಸಿರು ಎಳೆದುಕೊಂಡು, ಹಂಡೆಯ ಕಟ್ಟೆಗೆ ಒಂದು ಕೈ ತಾಗಿಸಿ, ಎದ್ದಳು. ಒದ್ದೆ ಸೀರೆಯಲ್ಲಿ ನಿಂತು ಮಂಡಿ ಉಜ್ಜಿಕೊಂಡಳು. ಮುಖಕ್ಕೆ ಹಾರಿದ್ದ ನೀರನ್ನು ಭುಜಕ್ಕೆ ಒರೆಸಿಕೊಂಡಳು. ಮುಖದ ಮೇಲಿದ್ದುದು ಬರೀ ಬಚ್ಚಲಿನ ನೀರಲ್ಲ ಎಂದು ನನಗೆ ಗೊತ್ತಾಯಿತು. ನನ್ನ ಮುಖದ ಮೇಲಿನದನ್ನು ಅವಳು ನೋಡಲಿಲ್ಲ, ಅಥವಾ ನೋಡದವಳಂತೆ ಇದ್ದಳು.

"ನೀರು ಸಾಲ್ದಾಯ್ತು ರೀ" ಎಂದಳು. "ನಾಳೆ ಇನ್ನೊಂದು ಕೊಡ ಜಾಸ್ತಿ ಕಾಯಿಸಿಡಿ."